ಸೌದೆ ಒಡೆಯುವವರು ಯಾರು?

ಸೌದೆ ಒಲೆಯ ಕಾಲ ಮುಗಿಯಿತು ಎಂದು ಪೇಟೆಯ ಗೆಳತಿಯರು ಹೇಳುವುದುಂಟು. ನಮ್ಮ ತೋಡಾರಿನಲ್ಲಿ ಅದು ಅರ್ಧ ಮಾತ್ರ ನಿಜ. ಅಡುಗೆಮನೆಗೆ 14.2 ಕಿಲೋದ ಗ್ಯಾಸ್ ಸಿಲಿಂಡರು ಬಂದು ವರ್ಷಗಳೇ ಸಂದವು; ಬಚ್ಚಲಿನ ಹಂಡೆ ಮಾತ್ರ ಕೂತಲ್ಲೇ ಕೂತಿದೆ. ಬಿಸಿಲಿರುವಾಗ ಮಾಡಿನ ಮೇಲಿನ ಸೋಲಾರ್ ಸಾಕು. ಆಟಿಯ ಮಳೆ ಹಿಡಿದು ಕರೆಂಟೂ ಹೋದಾಗ, ಇಲ್ಲವೇ ಮನೆ ತುಂಬ ನೆಂಟರಿದ್ದಾಗ ಹಂಡೆಯ ಬುಡಕ್ಕೆ ಬೆಂಕಿ ಬೇಕೇ ಬೇಕು. ಮಡಲು, ಗೆರಟೆ, ತೆಂಗಿನ ಸಿಪ್ಪೆ ಹೊತ್ತಿಸುವುದಕ್ಕೆ ಒಳ್ಳೆಯದು. ಕೆಂಡ ನಿಲ್ಲಬೇಕಾದರೆ ಒಡೆದ ಸೌದೆಯೇ ಆಗಬೇಕು.

ಈ ಅಪರೂಪದ ಬೆಂಕಿಗೆಂದು ನಮ್ಮಲ್ಲೊಂದು ಪುಟ್ಟ ಉಪಕರಣ ಬಂದಿದೆ. ಕಬ್ಬಿಣದ ಚೌಕಟ್ಟು, ಮೇಲೊಂದು ದೊಡ್ಡ ಬಳೆ, ನಡುವೆ ಅಲಗು ಮೇಲೆ ಮಾಡಿ ನಿಂತ ಬೆಣೆ. ಗಿಡ್ಡ ತುಂಡನ್ನು ಬಳೆಯೊಳಗೆ ನಿಲ್ಲಿಸಿ ತಲೆಗೆ ಸುತ್ತಿಗೆಯಿಂದ ಬಡಿದರೆ ನಾರಿನ ಗುಂಟ ಸೀಳುತ್ತದೆ. ಗಂಟಿರುವ ಮರ ಮಾತ್ರ ಇದಕ್ಕೂ ಬಗ್ಗದು. ಕೊಡಲಿಯಲ್ಲಿ ಅಲಗು ಬೀಸಿ ಬರುತ್ತದೆ. ಇಲ್ಲಿ ಅಲಗು ನಿಂತಲ್ಲೇ ಇರುತ್ತದೆ. ಇಂಥದೊಂದನ್ನು 2013ರಲ್ಲಿ ನ್ಯೂಜಿಲೆಂಡಿನ ಶಾಲಾ ಬಾಲಕಿ ಐಲಾ ಹಚಿನ್ಸನ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಮಾಡಿದಳು. ಚಕ್ಕೆ ಸೀಳುವಾಗ ಅವಳ ತಾಯಿ ಬೆರಳು ಕೊಯ್ದುಕೊಂಡಿದ್ದರಂತೆ.

ತಾಯಿಯ ಬೆರಳು ಉಳಿಯಲೆಂದು ಹುಟ್ಟಿದ ವಸ್ತು ತಾಯಿಯ ಕೈಗೆ ಇನ್ನೊಂದು ಕೆಲಸ ಹಚ್ಚಬಹುದೇ? ನನ್ನನ್ನು ಕಾಡುವ ಪ್ರಶ್ನೆ ಇದು.

ಸೌದೆ ಹೆಕ್ಕುವುದು, ಒಣಗಿಸುವುದು, ಮಳೆಗೆ ಮುಂಚೆ ಅಟ್ಟಿ ಇಡುವುದು, ಊದುವುದು, ಹೊಗೆ ಕುಡಿಯುವುದು, ಬೂದಿ ಬಾಚುವುದು, ಇವೆಲ್ಲ ನಮ್ಮ ಕಡೆ ಹೆಚ್ಚಾಗಿ ಹೆಂಗಸರ ಪಾಲು. ಒಡೆಯುವುದೊಂದು ಗಂಡಸರದು, ತೋಳಿನ ಬಲ ಬೇಕೆಂಬುದು ಅದಕ್ಕಿದ್ದ ಕಾರಣ. ಉಪಕರಣ ಬಂದ ವಾರದಲ್ಲೇ ನಮ್ಮವರು, “ಈಗ ನಿನಗೇ ಆಗುತ್ತದಲ್ಲ” ಎಂದರು. ಮಾತಿನಲ್ಲಿ ಕೆಡುಕೇನೂ ಇರಲಿಲ್ಲ.

ಆದರೆ ಯೋಚಿಸಿ ನೋಡಿ. ಭಾರವಾಗಿದ್ದುದರಿಂದ ಅದು ಅವರ ಕೆಲಸವಾಗಿತ್ತು ಎಂದರೆ, ಹಗುರಾದ ಮೇಲೆ ಅದು ಎಲ್ಲರದೂ ಆಗಬೇಕು, ನನ್ನೊಬ್ಬಳದೇ ಏಕಾಗಬೇಕು? ಅರೆಯುವ ಕಲ್ಲಿನ ಜಾಗಕ್ಕೆ ಮಿಕ್ಸಿ ಬಂತು. ಗುಂಡಿ ತಿರುಗಿಸಲು ಬಲವೂ ಬೇಡ, ಅಭ್ಯಾಸವೂ ಬೇಡ. ಆದರೂ ಎಷ್ಟು ಮನೆಗಳಲ್ಲಿ ಗಂಡಸರು ಮಸಾಲೆ ಅರೆಯುತ್ತಾರೆ, ನೀವೇ ಹೇಳಿ. ಕೆಲಸ ಹಂಚಿದ್ದು ಬಲವಲ್ಲ, ರೂಢಿ. ಬಲ ಬರಿಯ ನೆಪ.

ಅತ್ತೆಗೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ. ಬಾಣಂತಿಗೆ ಹಂಡೆ ಹಂಡೆ ಬಿಸಿನೀರು ಬೇಕಾದ ದಿನಗಳಲ್ಲಿ ಸೌದೆ ಒಡೆಯುವ ಆಳಿಗಾಗಿ ಅಂಗಳ ನೋಡುತ್ತ ಕೂತವರು ಅವರು. “ಕಾಯುವ ಕಷ್ಟ ನಿನಗೇನು ಗೊತ್ತು? ಒಡೆಯಲು ಬರುತ್ತದೆ ಎಂದರೆ ಅದೇ ದೊಡ್ಡದು” ಎಂದರು. ಆ ಮಾತನ್ನು ತಳ್ಳಿಹಾಕಲಾರೆ. ನಮ್ಮ ಬಿಸಿನೀರು ಇನ್ನೊಬ್ಬರ ಬಿಡುವನ್ನು ಕಾಯಬೇಕಿಲ್ಲ ಎಂಬುದು ಸಣ್ಣ ಬಿಡುಗಡೆಯಲ್ಲ.

ಹಾಗಾಗಿ ನಾನು ಸುತ್ತಿಗೆ ಹಿಡಿಯಲು ಕಲಿತೆ. ‘ನನಗೆ ಆಗುತ್ತದೆ’ ಎಂಬುದಕ್ಕೂ ‘ನಾನೇ ಮಾಡಬೇಕು’ ಎಂಬುದಕ್ಕೂ ನಡುವಿನ ಅಂತರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಮ್ಮವರೊಡನೆ ಜಗಳವಾಡದೆ ಒಂದು ಕ್ರಮ ಮಾಡಿಕೊಂಡೆವು: ಬಿಸಿನೀರು ಯಾರಿಗೆ ಬೇಕೋ ಅವರು ನಾಲ್ಕು ತುಂಡು ಸೀಳಬೇಕು. ಕಾಲೇಜಿಗೆ ಹೋಗುವ ಮಗನಿಗೂ ಇದೇ ನಿಯಮ. ಅತ್ತೆಗೆ ಮಾತ್ರ ರಿಯಾಯಿತಿ. ಅವರ ಪಾಲಿನದನ್ನು ಅವರು ಎಂದೋ ತೀರಿಸಿದ್ದಾರೆ.