ಮೊದಲನೆಯ ಪಾಲು ಯಾರಿಗೆ?



ಯಾಯಿರನ ಮಗಳನ್ನು ಕರ್ತನು ಮರಣದಿಂದ ಎಬ್ಬಿಸಿದ ಚರಿತ್ರೆಯನ್ನು ನೀವೆಲ್ಲರೂ ಬಲ್ಲಿರಿ. ಆ ಮಹತ್ಕಾರ್ಯವು ಮುಗಿದ ಮೇಲೆ, ಹುಡುಗಿಗೆ ಊಟಕ್ಕೆ ಕೊಡಬೇಕೆಂದು ಆತನು ಮನೆಯವರಿಗೆ ಅಪ್ಪಣೆಮಾಡಿದನು. ಜೀವ ಕೊಡುವದು ದೇವರಿಗೆ ಸೇರಿದ್ದು. ಉಣಿಸುವದನ್ನಾದರೋ ಆತನು ಮನೆಯವರ ಕೈಗೆ ಒಪ್ಪಿಸಿದನು. ಹೀಗಿರಲಾಗಿ, ಸೊರಗಿದ ಕೂಸನ್ನು ಕಂಡು, ಇದು ದೇವರ ಚಿತ್ತವೆಂದು ನಾವು ಸುಮ್ಮನಿರಬಹುದೋ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ಮೀರಿದವರಲ್ಲಿ ನೂರಕ್ಕೆ ಸುಮಾರು 65 ಮಂದಿ ರಕ್ತಹೀನರು. ಇವರೆಲ್ಲರೂ ಹಸಿದು ಮಲಗುವವರೆಂದು ಎಣಿಸಬಾರದು. ಅನೇಕರ ಹೊಟ್ಟೆ ತುಂಬಿರುವದು. ಆದರೆ ಬರೀ ಅನ್ನದಿಂದಲೂ ಸಾರಿನ ತಿಳಿಯಿಂದಲೂ ತುಂಬಿರುವದು. ಹೊಟ್ಟೆ ತುಂಬಿಸುವದು ಬೇರೆ, ಪೋಷಿಸುವದು ಬೇರೆ. ಆರು ತಿಂಗಳಾದ ಕೂಸಿಗೆ ತಾಯಿಯ ಹಾಲೊಂದೇ ಸಾಲದು. ಅದರ ಸಂಗಡ ಗಟ್ಟಿಯಾಗಿ ಕಾಯಿಸಿದ ರಾಗಿ ಸರಿ, ಕಿವುಚಿದ ಬೇಳೆ, ಬೇಯಿಸಿದ ಸೊಪ್ಪು, ಮೊಟ್ಟೆ, ಹಣ್ಣು ಇವು ಬೇಕು. ಹೊಟ್ಟೆಯು ಚಿಕ್ಕದಾದಕಾರಣ, ಬೆಳೆಯುತ್ತಾ ಬಂದ ಹಾಗೆ ದಿನಕ್ಕೆ ಮೂರು ನಾಲ್ಕು ಸಾರಿ ಉಣಿಸತಕ್ಕದ್ದು.

ಇಲ್ಲಿ ಒಬ್ಬನು, ದುಡಿಯುವವನು ಬಿದ್ದರೆ ಮನೆಯೇ ಬೀಳುವದು. ಆದದರಿಂದ ಒಳ್ಳೆಯ ಪಾಲು ಅವನಿಗೇ ಸಲ್ಲಬೇಕು ಎಂದಾನು. ಈ ಮಾತು ಹುರುಳಿಲ್ಲದ್ದಲ್ಲ. ಆದರೂ ಎರಡು ನಷ್ಟಗಳನ್ನು ತೂಗಿ ನೋಡಿರಿ. ಬೆಳೆದವನು ಕೆಲವು ದಿನ ಮೊಟ್ಟೆಯಿಲ್ಲದೆ ಉಂಡರೆ, ಕಳಕೊಂಡ ಬಲವನ್ನು ಸುಗ್ಗಿಯಲ್ಲಿ ತಿರಿಗಿ ಪಡೆಯುವನು. ಕೂಸಾದರೋ ಮೊದಲಿನ ಎರಡು ವರುಷಗಳಲ್ಲಿ ಕಳಕೊಂಡ ಬೆಳವಣಿಗೆಯನ್ನು ಬಹುಮಟ್ಟಿಗೆ ತಿರಿಗಿ ಪಡೆಯಲಾರದು. ಯಾರ ನಷ್ಟವು ತುಂಬಲಾರದ್ದೋ ಅವರ ಪಾಲನ್ನು ಮೊದಲು ತೆಗೆದಿಡುವದೇ ನ್ಯಾಯ. ಆ ಪಾಲು ದೊಡ್ಡದೂ ಅಲ್ಲ. ಒಂದು ಮೊಟ್ಟೆ, ಒಂದು ಹಿಡಿ ಬೇಳೆ. ಮನೆಯ ಹಸುವಿನ ಹಾಲನ್ನೆಲ್ಲಾ ಡೇರಿಗೆ ಅಳೆದು, ಬಂದ ಹಣದಿಂದ ಬಿಸ್ಕತ್ತಿನ ಪೊಟ್ಟಣವನ್ನು ಕೊಂಡು ಮಗುವಿನ ಕೈಗಿಡುವದು ಎಂಥಾ ವ್ಯಾಪಾರ?

ತಾಯಂದಿರನ್ನು ದೂಷಿಸುವದಕ್ಕೋಸ್ಕರ ಇದನ್ನು ಬರೆಯಲಿಲ್ಲ. ಹೊತ್ತು ಮುಳುಗುವ ವರೆಗೆ ಕೂಲಿಮಾಡಿ ಬರುವವಳು ಕೂಸಿಗೆ ನಾಲ್ಕು ಸಾರಿ ಉಣಿಸುವದು ಹೇಗೆ? ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವವಳೂ ಆಕೆಯೇ. ಆದಕಾರಣ ಈ ಹೊಣೆಯು ತಂದೆಯದೂ ಹೌದು, ಸಭೆಯದೂ ಹೌದು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಊರುಗಳಲ್ಲಿ ಅಂಗನವಾಡಿಗಳು ನಡೆಯುತ್ತವೆ. ಅಲ್ಲಿ ಮಕ್ಕಳನ್ನು ತೂಗಿ ಆಹಾರವನ್ನು ಕೊಡುತ್ತಾರೆ. ನಮ್ಮ ಕೇರಿಯ ಯಾವ ಕೂಸು ಅಲ್ಲಿಗೆ ಹೋಗುವದಿಲ್ಲ, ಯಾವದರ ತೂಕವು ಏರದೆ ನಿಂತಿದೆ ಎಂದು ಸಭೆಯ ಹಿರಿಯರು ವಿಚಾರಿಸಲಿ. ತಾಯಿ ಹೊಲಕ್ಕೆ ಹೋದಾಗ ನೆರೆಯವಳು ಒಂದು ಹೊತ್ತು ಉಣಿಸಲಿ.

ಬೆಳೆಹಬ್ಬದಲ್ಲಿ ನಾವು ಪ್ರಥಮ ಫಲಗಳನ್ನು ದೇವಾಲಯಕ್ಕೆ ತರುತ್ತೇವೆ. ಉಳಿದದ್ದನ್ನು ತರುವದಕ್ಕೆ ನಾಚುತ್ತೇವೆ. ಚಿಕ್ಕವರಲ್ಲಿ ಒಬ್ಬರಿಗೆ ಮಾಡಿದ್ದನ್ನು ತನಗೇ ಮಾಡಿದ್ದೆಂದು ಎಣಿಸುವ ಕರ್ತನು ದಿನಾಲು ನಮ್ಮ ಒಲೆಯ ಬಳಿಯಲ್ಲಿಯೂ ಕಾದಿದ್ದಾನೆ. ಅಲ್ಲಿ ಆತನಿಗೆ ಸಿಕ್ಕುವದು ಮೊದಲನೆಯ ಪಾಲೋ, ಪಾತ್ರೆಯ ತಳವೋ? ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲಿ ಶೋಧಿಸಿಕೊಳ್ಳಲಿ.