ಮೂರು ದಿನದ ದಿಲ್ಲಿ: ನೋಟ, ಸಂಕಲ್ಪ, ಫಲ

ಕ್ಷೇತ್ರಯಾತ್ರೆಗೆ ಹೊರಡುವವನು ಏನನ್ನು ಪಾಲಿಸಬೇಕು, ಏನನ್ನು ಬಿಡಬೇಕು, ಹೋಗಿ ಬಂದದ್ದರಿಂದ ಅವನಿಗೆ ದೊರೆಯುವುದೇನು ಎಂಬುದನ್ನು ಭಾರತದ ಧರ್ಮಗ್ರಂಥಗಳು ಬಲು ವಿಸ್ತಾರವಾಗಿ ಚರ್ಚಿಸಿವೆ. ಆದರೆ ಊರು ನೋಡಬೇಕೆಂಬ ಒಂದೇ ಆಸೆಯಿಂದ ಮೂರು ದಿನದ ಮಟ್ಟಿಗೆ ರಾಜಧಾನಿಗೆ ಹೊರಡುವವನ ವಿಷಯದಲ್ಲಿ ಅವು ಹೆಚ್ಚೇನೂ ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಮಲಪ್ರಭೆಯ ಸೀಮೆಯಲ್ಲಿ ಹಿಂಗಾರಿ ಬಿತ್ತನೆ ಮುಗಿದು ಕೈ ಬಿಡುವಾದಾಗ, ಶಾಲೆಗೆ ರಜೆ ಇದ್ದಾಗ, ದಿಲ್ಲಿಗೆ ಹೋಗಿಬರುವ ಮಾತು ಮನೆಮನೆಗಳಲ್ಲಿ ಏಳುತ್ತದೆ. ಕೆಂಪುಕೋಟೆ, ಕುತುಬ್ ಮಿನಾರ್, ರಾಜಘಾಟ್, ಅಕ್ಷರಧಾಮ ಎಂದು ಪಟ್ಟಿ ಬೆಳೆಯುತ್ತದೆ. ಹೀಗೆ ನೋಡಿ ಬರುವುದಕ್ಕೆ ಪಾರಮಾರ್ಥಿಕವಾದ ಬೆಲೆ ಏನಾದರೂ ಉಂಟೇ, ಅಥವಾ ಅದು ಕಣ್ಣಿನ ಹಸಿವು ಮಾತ್ರವೇ ಎಂಬುದು ತೋರಿಕೆಗೆ ಚಿಕ್ಕದಾದರೂ ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ.

ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ಮಹಿಮೆಯನ್ನು ಹೇಳುವ ದೀರ್ಘ ಭಾಗವೊಂದಿದೆ. ಯಜ್ಞ ಮಾಡಲು ರಾಜನಷ್ಟು ಐಶ್ವರ್ಯ ಬೇಕು, ಬಡವನಿಗೆ ಅದು ಎಟುಕದು, ಆದರೆ ತೀರ್ಥಕ್ಕೆ ನಡೆದು ಹೋದವನಿಗೆ ಯಜ್ಞಕ್ಕಿಂತಲೂ ಮಿಗಿಲಾದ ಫಲವುಂಟು ಎಂಬುದು ಅಲ್ಲಿನ ವಾದ. ಅದರ ಜೊತೆಗೇ ಒಂದು ನಿಬಂಧನೆಯನ್ನೂ ಹಾಕಲಾಗಿದೆ: ಕೈ, ಕಾಲು, ಮನಸ್ಸು ಹತೋಟಿಯಲ್ಲಿದ್ದವನಿಗೆ ಮಾತ್ರ ಆ ಫಲ. ಮುಂದಿನ ಕಾಲದ ಸ್ಥಳಪುರಾಣಗಳು, ಎಂದರೆ ಆಯಾ ಕ್ಷೇತ್ರದ ಮಹಿಮೆಯನ್ನು ಹೇಳುವ ಕಥನಗಳು, ಈ ನಿಬಂಧನೆಯನ್ನು ಹಿಂದಕ್ಕೆ ಸರಿಸಿ ಫಲದ ಲೆಕ್ಕವನ್ನೇ ಮುಂದೆ ಮಾಡಿದವು. ಇಂಥ ಕೊಳದಲ್ಲಿ ಮಿಂದರೆ ಇಷ್ಟು ಪುಣ್ಯ, ಇಂಥ ದೇವರನ್ನು ಕಂಡರೆ ಇಷ್ಟು ಜನ್ಮದ ಪಾಪನಾಶ ಎಂದು. ಮೂರು ದಿನದಲ್ಲಿ ಹದಿನೆಂಟು ಸ್ಥಳ ತೋರಿಸುತ್ತೇವೆಂದು ಹೇಳುವ ಇಂದಿನ ಪ್ರವಾಸದ ಪ್ಯಾಕೇಜು ಈ ಲೆಕ್ಕದ ವಂಶಕ್ಕೇ ಸೇರಿದ್ದು, ಪುಣ್ಯದ ಜಾಗದಲ್ಲಿ ಫೋಟೊ ಬಂದಿದೆ ಅಷ್ಟೆ.

ಯಾತ್ರೆಯ ಸಂಪ್ರದಾಯದಲ್ಲಿ ಉಳಿದು ಪ್ರವಾಸದಲ್ಲಿ ಕಳೆದುಹೋದದ್ದು ಸಂಕಲ್ಪ. ಯಾವುದೇ ವೈದಿಕ ಕರ್ಮದ ಆರಂಭದಲ್ಲಿ ಕರ್ತೃವು ತಾನಿರುವ ದೇಶವನ್ನೂ, ಸಂವತ್ಸರದಿಂದ ಹಿಡಿದು ತಿಥಿಯವರೆಗಿನ ಕಾಲವನ್ನೂ, ತನ್ನ ಗೋತ್ರ ಮತ್ತು ಹೆಸರುಗಳನ್ನೂ ಹೇಳಿ, ಯಾವುದಕ್ಕಾಗಿ ಈ ಕೆಲಸವನ್ನು ಮಾಡುತ್ತಿದ್ದೇನೆಂದು ಬಾಯಿಬಿಟ್ಟು ನುಡಿದು ನೀರು ಬಿಡುವುದೇ ಸಂಕಲ್ಪ. ಪ್ರವಾಸದ ಯೋಜನೆಯಲ್ಲಿ ದೇಶ, ಕಾಲಗಳು ನಿಮಿಷದ ಲೆಕ್ಕದಲ್ಲಿರುತ್ತವೆ, ಹೊರಡುವವರ ಹೆಸರು ಟಿಕೀಟಿನ ಮೇಲಿರುತ್ತದೆ. ಯಾವುದಕ್ಕಾಗಿ ಎಂಬ ಮಾತೊಂದು ಮಾತ್ರ ಎಲ್ಲಿಯೂ ಇರುವುದಿಲ್ಲ. ಮಂತ್ರದ ಗೊಡವೆಯಿಲ್ಲದ ಜನಪದರಲ್ಲಿ ಇದೇ ಕೆಲಸವನ್ನು ಹರಕೆ ಮಾಡುತ್ತದೆ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕುಟುಂಬಕ್ಕೆ ತಾನು ಹೋಗುತ್ತಿರುವುದು ಮಗುವಿನ ಜಡ್ಡು ವಾಸಿಯಾದದ್ದಕ್ಕೋ, ಎತ್ತು ಬದುಕಿದ್ದಕ್ಕೋ ಎಂಬುದು ಸ್ಪಷ್ಟವಾಗಿ ಗೊತ್ತಿರುತ್ತದೆ. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ಉಧೋ ಉಧೋ ಎನ್ನುತ್ತ ಗುಡ್ಡ ಹತ್ತಿ, ಕಲ್ಲು ಹೂಡಿ ಒಲೆ ಮಾಡಿ, ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಬೇಯಿಸಿ ಪಡ್ಡಲಗಿ ತುಂಬಿಸುವಷ್ಟರಲ್ಲಿ, ಎಂದರೆ ಜೋಗತಿಯರ ಬುಟ್ಟಿಗೆ ದೇವಿಯ ಎಡೆಯನ್ನು ಬಡಿಸಿ ಪೂಜಿಸುವಷ್ಟರಲ್ಲಿ, ದಿನ ಇಳಿದಿರುತ್ತದೆ. ಗರ್ಭಗುಡಿಯ ಮುಂದೆ ನಿಲ್ಲಲು ಸಿಗುವುದು ಅರೆಗಳಿಗೆ; ಆದರೂ ದರ್ಶನ ಸಾಲಲಿಲ್ಲವೆಂದು ಯಾರೂ ಕೊರಗುವುದಿಲ್ಲ, ಏಕೆಂದರೆ ಆ ಅರೆಗಳಿಗೆಯ ಹಿಂದೆ ಇಡೀ ದಿನದ ಸಿದ್ಧತೆಯಿರುತ್ತದೆ. ನೋಟದ ಅವಧಿ ಕಿರಿದಾದದ್ದೇ ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಫಲದ ಲೆಕ್ಕವನ್ನು ಬುಡದಿಂದಲೇ ಅಲುಗಿಸಿದವರು 12ನೆಯ ಶತಮಾನದ ಶರಣರು. ದೇಹವೇ ದೇಗುಲವಾಗಿರುವಾಗ, ಅಂಗೈಯಲ್ಲಿ ಇಷ್ಟಲಿಂಗವಿರುವಾಗ, ದೂರದ ಕ್ಷೇತ್ರಕ್ಕೆ ಹೋಗಿ ಪಡೆಯುವುದೇನು ಎಂಬುದು ಅವರ ಪ್ರಶ್ನೆ. ಕಟ್ಟಿ ನಿಲ್ಲಿಸಿದ್ದೆಲ್ಲ ಸ್ಥಾವರ, ಅದು ಒಂದು ದಿನ ಬೀಳತಕ್ಕದ್ದು. ಚಲಿಸುವ ಅರಿವು ಜಂಗಮ, ಅದಕ್ಕೆ ಅಳಿವಿಲ್ಲ ಎಂಬುದು ಅವರ ನಿಲುವಿನ ತಿರುಳು. ಆದರೆ ಅವರು ಮನೆ ಹಿಡಿದು ಕೂತವರೇನೂ ಅಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ನಡೆದು ಬಂದಳು. ಸಂಪ್ರದಾಯವನ್ನು ನಂಬುವುದಾದರೆ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದಲೇ ಬಂದ. ಕಲ್ಯಾಣವು ಚಾಲುಕ್ಯರ, ಬಳಿಕ ಕಳಚುರಿ ಬಿಜ್ಜಳನ ರಾಜಧಾನಿ. ಅಲ್ಲಿಗೆ ಬಂದವರು ಅರಮನೆ ನೋಡಲು ಬರಲಿಲ್ಲ, ಅನುಭವಿಗಳೊಡನೆ ಕೂಡಿ ಮಾತಾಡಲು ಬಂದರು. ಆ ರಾಜಧಾನಿ ಹೊತ್ತಿ ಉರಿದಾಗ ಶರಣರು ಉಳವಿಯ ಕಡೆ ಸರಿದ ದಾರಿ ಈ ಸೀಮೆಯ ಮೇಲೆಯೇ ಹಾದುಹೋಗಿದೆ ಎಂದು ಪರಂಪರೆ ನಂಬುತ್ತದೆ, ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯಲ್ಲಿರುವ ಶರಣೆ ಗಂಗಾಂಬಿಕೆಯ ಐಕ್ಯಮಂಟಪ ಆ ನಂಬಿಕೆಯ ಕುರುಹು.

ಹೋಗುವುದಕ್ಕೆ ಎದುರಾದ ಇನ್ನೊಂದು ತುದಿಯೂ ಇಲ್ಲಿಯೇ ಇದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರದ ಶಬರಿಕೊಳ್ಳವನ್ನು ಸ್ಥಳೀಯರು ಶಬರಿ ರಾಮನಿಗಾಗಿ ಕಾದ ಜಾಗವೆಂದು ಪೂಜಿಸುತ್ತಾರೆ. ಬಾರಿಹಣ್ಣು ಆಯ್ದಿಟ್ಟು ಕೂತ ಆ ಮುದುಕಿ ಅಯೋಧ್ಯೆಯೆಂಬ ರಾಜಧಾನಿಯನ್ನು ಕಾಣಲಿಲ್ಲ, ಕಾಣಬೇಕೆಂದೂ ಬಯಸಲಿಲ್ಲ. ಆದರೂ ಶಬರಿಯನ್ನು ಮುಂದಿಟ್ಟುಕೊಂಡು ಪ್ರವಾಸವೇ ವ್ಯರ್ಥವೆಂದು ಸಾಧಿಸುವುದು ವಾದದ ಜಾಣತನವಾದೀತೇ ಹೊರತು ಸತ್ಯವಾಗದು, ಏಕೆಂದರೆ ಆಕೆ ಕಂಡ ರಾಮನೂ ದಾರಿಯಲ್ಲಿ ನಡೆದು ಬಂದವನೇ.

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ, ಈ ನಾಡಿನವನು ದಿಲ್ಲಿಯಲ್ಲಿ ನೋಡಬೇಕಾದದ್ದೇನು ಎಂಬುದು. ಅವನು ವಾಸಿಸುವುದೇ ಹಳೆಯ ರಾಜಧಾನಿಗಳ ನಡುವೆ: ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು, ಕಿತ್ತೂರಿನಲ್ಲಿ ದೇಸಾಯರ ಅರಮನೆಯ ಮೊಂಡು ಗೋಡೆಗಳು ಇಂದಿಗೂ ನಿಂತಿವೆ. 1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ಕಿತ್ತೂರು ಅದೇ ಡಿಸೆಂಬರಿನಲ್ಲಿ ಕಂಪನಿಯ ಕೈಸೇರಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದೇ ಬ್ರಿಟಿಷ್ ಆಡಳಿತ 1911ರಲ್ಲಿ ರಾಜಧಾನಿಯನ್ನು ದಿಲ್ಲಿಗೆ ತರುವುದಾಗಿ ಸಾರಿ, 1931ರಲ್ಲಿ ಹೊಸದಿಲ್ಲಿಯನ್ನು ಉದ್ಘಾಟಿಸಿ, ಹದಿನಾರೇ ವರ್ಷದಲ್ಲಿ ಬಿಟ್ಟುಹೋಯಿತು. ಅವರು ತಮಗಾಗಿ ಕಟ್ಟಿಕೊಂಡ ಸಂಸತ್ ಭವನದ ಆವರಣದಲ್ಲಿ 2007ರ ಸೆಪ್ಟೆಂಬರ್ 11ರಂದು ಅನಾವರಣಗೊಂಡದ್ದು ಅದೇ ಚೆನ್ನಮ್ಮನ ಪ್ರತಿಮೆ. ಸ್ಥಾವರವು ಅಳಿಯುವುದೆಂಬ ಮಾತಿಗೆ ಕಿತ್ತೂರಿನ ಪಾಳುಗೋಡೆ ಎಷ್ಟು ಸಾಕ್ಷಿಯೋ ಈ ಪ್ರತಿಮೆಯ ಹಿಂದಿನ ಸಾಮ್ರಾಜ್ಯವೂ ಅಷ್ಟೇ ಸಾಕ್ಷಿ. ಪ್ರತಿಮೆಯೂ ಸ್ಥಾವರವೇ ಎಂಬುದನ್ನು ಮರೆಯದೆ ಇದನ್ನು ಹೇಳಬೇಕು. ಮುಂಚಿತವಾಗಿ ಪ್ರವೇಶಪತ್ರ ಪಡೆಯದೆ ಆ ಆವರಣದೊಳಗೆ ಹೋಗುವಂತಿಲ್ಲವಾದ್ದರಿಂದ, ಬೈಲಹೊಂಗಲದಿಂದ ಹೋದ ಬಹಳಷ್ಟು ಜನ ತಮ್ಮ ರಾಣಿಯನ್ನು ನೋಡದೆಯೇ ಮರಳುತ್ತಾರೆ. ಊರಿನಲ್ಲೇ ಇರುವ ಆಕೆಯ ಸಮಾಧಿಗೆ ಅಂಥ ಪತ್ರ ಬೇಕಿಲ್ಲ, ಆದರೂ ಎಷ್ಟು ಜನ ಅಲ್ಲಿ ನಿಂತು ನೋಡಿದ್ದಾರೆಂಬುದು ಬೇರೆ ಮಾತು.

ಆದುದರಿಂದ ಯೋಜನೆಯನ್ನು ಬರೆಯುವವರು ಮೊದಲ ಸಾಲಿನಲ್ಲಿ ಸ್ಥಳದ ಹೆಸರಿಗೆ ಬದಲಾಗಿ ಉದ್ದೇಶವನ್ನು ಬರೆದು, ಅದಕ್ಕೆ ಹೊಂದದ ಸ್ಥಳಗಳನ್ನು ಹೊಡೆದುಹಾಕುವುದು ಒಳಿತು. ದಿನಕ್ಕೆ ಎರಡು ಜಾಗ ಧಾರಾಳವಾಯಿತು. ಒಂದು ವ್ಯಾವಹಾರಿಕ ಸಂಗತಿಯನ್ನೂ ಇಲ್ಲಿ ಸೇರಿಸಬಹುದು. ಬೆಳಗಾವಿಯಲ್ಲಿ ಶನಿವಾರ ಸಂಜೆ ಗೋವಾ ಎಕ್ಸ್‌ಪ್ರೆಸ್ ಹತ್ತಿದವರು ಎರಡು ರಾತ್ರಿ ಕಳೆದು ಸೋಮವಾರ ಬೆಳಗ್ಗೆ ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಸೋಮವಾರ ಕೆಂಪುಕೋಟೆ, ಕಮಲ ಮಂದಿರ, ಅಕ್ಷರಧಾಮ ಮೂರೂ ಮುಚ್ಚಿರುತ್ತವೆ; ಆ ದಿನ ತೆರೆದಿರುವವು ನಿಲ್ದಾಣಕ್ಕೆ ಸಮೀಪದಲ್ಲೇ ಇರುವ ಹುಮಾಯೂನನ ಗೋರಿ, 1325ರಲ್ಲಿ ತೀರಿಕೊಂಡ ಸೂಫಿ ಸಂತ ನಿಜಾಮುದ್ದೀನ್ ಔಲಿಯಾರ ದರ್ಗಾ, ಮತ್ತು ಬಂದವರಿಗೆಲ್ಲ ಲಂಗರ್‌ನಲ್ಲಿ ಊಟ ಬಡಿಸುವ ಬಂಗ್ಲಾ ಸಾಹೇಬ್ ಗುರುದ್ವಾರ.