ಹಂಗಿಲ್ಲದ ಮನೆ

ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲ ಬಂತೆಂದರೆ, ವಯಸ್ಸಾದವರು, ವಿರಾಮವುಳ್ಳವರು ದಕ್ಷಿಣಕ್ಕೆ ಹೊರಟುಬಿಡುತ್ತಾರೆ. ‘ಹಿಮದ ಹಕ್ಕಿಗಳು’ ಎಂದು ಅಲ್ಲಿ ಅವರಿಗೆ ಹೆಸರು. ಹಕ್ಕಿಗೂ ಇವರಿಗೂ ಒಂದೇ ವ್ಯತ್ಯಾಸ. ಹಕ್ಕಿ ಗೂಡನ್ನು ಬಿಟ್ಟು ಹೋಗುತ್ತದೆ. ಇವರಲ್ಲಿ ಬಹಳ ಮಂದಿ ಗೂಡನ್ನೂ ಜೊತೆಗೇ ಓಡಿಸಿಕೊಂಡು ಹೋಗುತ್ತಾರೆ.

೨೦೨೫ರ ಫೆಬ್ರವರಿಯಲ್ಲಿ ನಾನೂ ನನ್ನ ಹೆಂಡತಿಯೂ ಅಂಥದೊಂದು ಗೂಡಿನಲ್ಲಿ ಕುಳಿತು ಮಿಷಿಗನ್ನಿನಿಂದ ಫ್ಲಾರಿಡಾಕ್ಕೆ ಹೋದೆವು. ಡೆಟ್ರಾಯಿಟಿನ ಬಳಿ ಮಗಳು, ಅಳಿಯಂದಿರು ಇದ್ದಾರೆ. ಅಳಿಯಂದಿರು ಇಪ್ಪತ್ತೆಂಟು ಅಡಿ ಉದ್ದದ ಒಂದು ಮೋಟಾರು ಮನೆಯನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಅದರೊಳಗೆ ಹಾಸಿಗೆ, ಗ್ಯಾಸಿನ ಒಲೆ, ಫ್ರಿಜ್ಜು, ಸ್ನಾನದ ಮನೆ ಎಲ್ಲವೂ ಉಂಟು. ನನ್ನ ಹೆಂಡತಿ ಸಾರಿನ ಪುಡಿ, ಉಪ್ಪಿನಕಾಯಿ ಜೋಡಿಸಿಟ್ಟ ಮೇಲೆ ಅದು ನಿಜವಾಗಿ ಮನೆಯೇ ಆಯಿತು. “ಮಾವ, ಇನ್ನು ನಾವು ಯಾರ ಹಂಗಿನಲ್ಲೂ ಇಲ್ಲ. ಎಲ್ಲಿ ನಿಂತರೆ ಅಲ್ಲೇ ಮನೆ” ಎಂದರು ಅಳಿಯಂದಿರು. ನನಗೂ ಆ ಮಾತು ಹಿಡಿಸಿತು. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿ ಕಳೆದವನಿಗೆ ಅದು ಹಿಡಿಸದೆ ಇದ್ದೀತೆ?

ಹಂಗು ಮೊದಲನೆಯ ದಿನವೇ ತಲೆಹಾಕಿತು. ಉತ್ತರದ ಚಳಿಗೆ ಗಾಡಿಯ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆಂದು ಒಳಗೆಲ್ಲ ಗುಲಾಬಿ ಬಣ್ಣದ ಒಂದು ದ್ರವ ತುಂಬಿರುತ್ತಾರೆ. ಹಿಮದ ಸೀಮೆ ದಾಟುವವರೆಗೆ ನಲ್ಲಿ ತಿರುಗಿಸುವಂತಿಲ್ಲ. ಕ್ಯಾನಿನಲ್ಲಿ ನೀರು ಹೊತ್ತು ತರಬೇಕು. ರಾತ್ರಿ ತಂಗುವ ಕ್ಯಾಂಪಿನಲ್ಲಿ ವಿದ್ಯುತ್ತಿನ ಕಂಬಕ್ಕೆ ಗಾಡಿಯ ಹಗ್ಗ ಸಿಕ್ಕಿಸಬೇಕು. ಆ ಕಂಬ ಮೂವತ್ತು ಆಂಪಿಯರಿನದಾದರೆ ಹೀಟರೂ ಮೈಕ್ರೋವೇವೂ ಒಟ್ಟಿಗೆ ನಡೆಯುವುದು ಕಷ್ಟ. ನೆಲ ಮಟ್ಟಸವಾಗಿರಬೇಕು, ಕೊಳೆನೀರು ಬಿಡಲು ತೂಬು ಬೇಕು, ರೈಲು ಹಳಿ ದೂರವಿರಬೇಕು. ಇದಿಷ್ಟೂ ಇದ್ದದ್ದು ಒಳ್ಳೆಯ ಕ್ಯಾಂಪು ಎಂದು ಅಳಿಯಂದಿರ ಶಾಸ್ತ್ರ. ನನ್ನ ಹೆಂಡತಿಯ ಶಾಸ್ತ್ರ ಬೇರೆ. ಅವಳು ಇಳಿದವಳೇ ಅಲ್ಲಿನ ಕಕ್ಕಸನ್ನು ನೋಡಿ ಬಂದು ತೀರ್ಪು ಕೊಡುತ್ತಿದ್ದಳು. ಅವಳ ತೀರ್ಪು ಒಂದು ಸಲವೂ ತಪ್ಪಾಗಲಿಲ್ಲ.

ದಕ್ಷಿಣಕ್ಕೆ ಹೀಗೆ ಹೋಗುವ ವಾಡಿಕೆ ಹೊಸದಲ್ಲ. ೧೯೧೯ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ‘ತಗಡಿನ ಡಬ್ಬಿಯ ಪ್ರವಾಸಿಗಳು’ ಎಂದು ಒಂದು ಸಂಘ ಹುಟ್ಟಿತ್ತು. ದಾರಿಯಲ್ಲಿ ಗುರುತು ಸಿಗಲೆಂದು ಅವರು ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ತಗಡಿನ ಡಬ್ಬಿಯೊಂದನ್ನು ಬೆಸುಗೆ ಹಾಕಿಸಿಕೊಳ್ಳುತ್ತಿದ್ದರಂತೆ. ಆದರೆ ಅದೇ ದಾರಿಯಲ್ಲಿ ಇನ್ನೊಂದು ಬಗೆಯ ಪ್ರವಾಸಿಗಳೂ ಇದ್ದರು. ೧೯೩೬ರಲ್ಲಿ ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ ಎಂಬಾತ ಒಂದು ಕೈಪಿಡಿ ಅಚ್ಚು ಹಾಕಿಸಿದ. ಕಪ್ಪು ಜನರು ಯಾವ ಊರಿನಲ್ಲಿ ಊಟ ಮಾಡಬಹುದು, ಎಲ್ಲಿ ಮಲಗಬಹುದು, ಯಾವ ಗ್ಯಾರೇಜಿನವನು ಅವರ ಕಾರು ರಿಪೇರಿ ಮಾಡಿಕೊಡುತ್ತಾನೆ ಎಂಬ ಪಟ್ಟಿ ಅದು. ‘ಗ್ರೀನ್ ಬುಕ್’ ಎಂದು ಪ್ರಸಿದ್ಧವಾದ ಆ ಪುಸ್ತಕ ಮೂವತ್ತು ವರ್ಷ ನಡೆಯಿತು. ಹೋಟೆಲುಗಳಲ್ಲಿ ಬಣ್ಣ ನೋಡಿ ಬಾಗಿಲು ಹಾಕಬಾರದೆಂಬ ಕಾನೂನು ೧೯೬೪ರಲ್ಲಿ ಬಂದ ಮೇಲೆ ಅದರ ಅಗತ್ಯ ಕಡಮೆಯಾಗಿ ನಿಂತುಹೋಯಿತು. ಅಳಿಯಂದಿರು ಕ್ಯಾಂಪುಗಳ ಪುಸ್ತಕ ತಿರುವಿಹಾಕುವಾಗಲೆಲ್ಲ ನನಗೆ ಆ ಇನ್ನೊಂದು ಪುಸ್ತಕದ ನೆನಪಾಗುತ್ತಿತ್ತು. ನಮ್ಮ ಚರ್ಮದ ಬಣ್ಣವೂ ಏನು ಹಾಲಿನದಲ್ಲ.

ಮೂರನೆಯ ದಿನ ಮಧ್ಯಾಹ್ನ, ಜಾರ್ಜಿಯಾ ರಾಜ್ಯದ ದಕ್ಷಿಣದಲ್ಲಿ, ಟಿಫ್ಟನ್ ಎಂಬ ಊರಿನ ಸಮೀಪ ಹಿಂದಿನ ಜೋಡಿಚಕ್ರದ ಒಳಗಿನ ಟೈರು ಸಿಡಿಯಿತು. ಕೋವಿ ಹಾರಿದ ಹಾಗೆ ಶಬ್ದವಾಯಿತು. ರಬ್ಬರಿನ ಪಟ್ಟೆ ಬಡಿದು ಮೇಲಿನ ತಗಡು ಹರಿದುಹೋಗಿತ್ತು. ಟೈರು ನೋಡಲು ಹೊಸದರಂತಿತ್ತು, ಗೀರುಗಳು ಸವೆದೇ ಇರಲಿಲ್ಲ. ಆದರೆ ಅದರ ಪಕ್ಕೆಯ ಮೇಲೆ ಅಚ್ಚೊತ್ತಿದ ಸಂಖ್ಯೆಯಲ್ಲಿ ಕೊನೆಯ ನಾಲ್ಕು ಅಂಕಿ ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ನಮ್ಮದರ ಮೇಲೆ ೦೮೧೫ ಎಂದಿತ್ತು. ೨೦೧೫ರ ಎಂಟನೆಯ ವಾರ. ಇಂಥ ಗಾಡಿಗಳು ವರ್ಷದಲ್ಲಿ ಹತ್ತು ತಿಂಗಳು ನಿಂತಲ್ಲೇ ನಿಂತಿರುತ್ತವೆ. ಟೈರು ಓಡಿ ಸವೆಯುವುದಿಲ್ಲ, ಕೂತು ಹಳಸುತ್ತದೆ. ಗಾಡಿ ಕೊಳ್ಳುವವರು ಪರದೆಯ ಬಣ್ಣ ನೋಡುವ ಮುಂಚೆ ಈ ನಾಲ್ಕು ಅಂಕಿ ನೋಡಬೇಕು.

ಸಹಾಯಕ್ಕೆಂದು ವರ್ಷವರ್ಷವೂ ಹಣ ಕಟ್ಟಿದ್ದ ಒಂದು ಕಂಪನಿಗೆ ಫೋನು ಮಾಡಿದರೆ, ನಾಲ್ಕು ಗಂಟೆ ಕಾಯಿರಿ ಎಂದರು. ಲಾರಿಗಳು ಪಕ್ಕದಲ್ಲೇ ಹಾರಿಹೋಗುವಾಗ ನಮ್ಮ ಮನೆ ತೊಟ್ಟಿಲಿನಂತೆ ತೂಗುತ್ತಿತ್ತು. ಆಗ ಒಂದು ಪಿಕಪ್ ಗಾಡಿ ಬಂದು ಮುಂದೆ ನಿಂತಿತು. ಅದರ ಹಿಂದಿನ ಗಾಜಿನ ಮೇಲೆ ಒಂದು ಬಾವುಟದ ಚಿತ್ರ: ಕೆಂಪು ನೆಲ, ನೀಲಿ ಕತ್ತರಿಪಟ್ಟಿ, ಅದರ ಮೇಲೆ ನಕ್ಷತ್ರಗಳು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷ ಹಿಡಿದು ಹೋರಾಡಿದ ದಕ್ಷಿಣ ರಾಜ್ಯಗಳ ದಂಡಿನ ಬಾವುಟ ಅದು. ಮಗಳು ಬಾಗಿಲಿನ ಚಿಲಕ ಹಾಕಿದಳು.

ಇಳಿದು ಬಂದವನು ನನ್ನದೇ ವಯಸ್ಸಿನ ರೈತ, ಕಡಲೆಕಾಯಿ ಬೆಳೆಯುವವನು. ಹೆಚ್ಚು ಮಾತಿಲ್ಲ. ಬಗ್ಗಿ ನೋಡಿದ, ತನ್ನ ಗಾಡಿಯಿಂದ ಜಾಕು ತಂದ, ತನಗೆ ಗೊತ್ತಿದ್ದ ಟೈರಿನವನಿಗೆ ಫೋನು ಮಾಡಿದ. ಅಂಗಡಿ ಮುಚ್ಚುವ ಹೊತ್ತಾಗಿತ್ತು. ಬೆಳಿಗ್ಗೆ ಆಗಬೇಕು ಎಂದು ಉತ್ತರ ಬಂತು. ಸಿಡಿದ ಚಕ್ರ ಬಿಚ್ಚಿ, ಉಳಿದ ಒಂದರ ಮೇಲೆ ಮೆಲ್ಲಗೆ ತನ್ನ ಹಿಂದೆಯೇ ಬರಹೇಳಿ, ಎರಡು ಮೈಲಿಯಾಚೆ ತನ್ನ ಜಮೀನಿನಲ್ಲಿ ನಿಲ್ಲಿಸಿಕೊಟ್ಟ. ಕಣಜದಿಂದ ಒಂದು ತಂತಿ ಎಳೆದು ದೀಪಕ್ಕೆ ಆಸರೆ ಮಾಡಿದ. ಎಲೆ ಉದುರಿದ ಪೆಕಾನ್ ಮರಗಳು, ಅವುಗಳ ನಡುವೆ ಆಕಾಶದ ತುಂಬ ನಕ್ಷತ್ರ. ಕೊಳೆನೀರಿಗೆ ತೂಬಿಲ್ಲ, ನೆಲ ಒಂದು ಕಡೆಗೆ ಓರೆ. ನನ್ನ ಹೆಂಡತಿ ಆ ರಾತ್ರಿ ತೀರ್ಪು ಕೊಡಲಿಲ್ಲ. ಅನ್ನ ಸಾರು ಮಾಡಿ ಅವನಿಗೂ ಒಂದು ಬಟ್ಟಲು ಕಳಿಸಿದಳು. ಹಣ ಕೊಡಹೋದಾಗ ಅವನು ಕೈ ಹಿಂದಕ್ಕೆ ಕಟ್ಟಿಕೊಂಡುಬಿಟ್ಟ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನ ಉಪಕಾರವನ್ನು ಬಾವುಟದೊಡನೆ ಹೇಗೆ ಹೊಂದಿಸಲಿ? ನಮ್ಮ ಬದಲು ಕಪ್ಪು ಕುಟುಂಬವೊಂದು ಅಲ್ಲಿ ನಿಂತಿದ್ದರೆ ಇವನು ನಿಲ್ಲಿಸುತ್ತಿದ್ದನೆ? ಬೆಳಿಗ್ಗೆ ಎದ್ದು ಕೇಳಿಯೇಬಿಡಬೇಕು ಎಂದುಕೊಂಡೆ. ಅನ್ಯರ ಮನಸ್ಸನ್ನು ಹೀಗೆ ತೂಕಕ್ಕೆ ಹಾಕುವುದರಲ್ಲಿ ಒಂದು ಸುಖವುಂಟು, ಓದುಗರಿಗೂ ಅದು ತಿಳಿಯದ್ದಲ್ಲ. ಆದರೆ ಬೆಳಿಗ್ಗೆ ಟೈರಿನ ಗಲಾಟೆಯಲ್ಲಿ ಕೇಳಲಾಗಲಿಲ್ಲ.

ಆರು ಟೈರುಗಳನ್ನೂ ಬದಲಾಯಿಸಿ ಹೊರಡುವಾಗ ಮೂರೂವರೆ. ಅಂದು ರಾತ್ರಿ ನಾವು ಸೇರಬೇಕಾದದ್ದು ಫ್ಲಾರಿಡಾದ ಪೇನ್ಸ್ ಪ್ರೇರಿ ಎಂಬ ಸರ್ಕಾರಿ ಉದ್ಯಾನ. ಕಾಡುಕುದುರೆ, ಕಾಡೆಮ್ಮೆ ಮೇಯುವ ವಿಶಾಲವಾದ ಹುಲ್ಲುಗಾವಲು. ಚಳಿಗಾಲದಲ್ಲಿ ಸಾವಿರಾರು ಕೊಕ್ಕರೆಗಳು ಅಲ್ಲಿಗೆ ಬರುತ್ತವೆ. ಅಲ್ಲಿ ಜಾಗ ಸಿಗುವುದು ಸುಲಭವಲ್ಲ. ಆ ರಾಜ್ಯದವರು ಹನ್ನೊಂದು ತಿಂಗಳು ಮೊದಲೇ ಕಾದಿರಿಸಬಹುದು. ೨೦೨೪ರಿಂದ ಹೊರಗಿನವರಿಗೆ ಹತ್ತೇ ತಿಂಗಳು. ಅಳಿಯಂದಿರು ಹಿಂದಿನ ಏಪ್ರಿಲಿನಲ್ಲೇ ಕಾದು ಕುಳಿತು ಹಿಡಿದಿದ್ದರು. ಸೂರ್ಯ ಮುಳುಗಿದರೆ ಗೇಟು ಮುಚ್ಚುತ್ತಾರೆ. ಆಗ ಆರೂಕಾಲರ ಸುಮಾರಿಗೆ ಸೂರ್ಯಾಸ್ತ.

ಲೇಕ್ ಸಿಟಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಕಪ್ಪು ತರುಣನೊಬ್ಬ ಕೈ ಬೀಸುತ್ತಿದ್ದ. ಹಿಂದೆ ಹುಲ್ಲಿನ ಮೇಲೆ ಒಬ್ಬ ಹೆಂಗಸು, ಕಂಕುಳಲ್ಲಿ ಕೂಸು. ಅಳಿಯಂದಿರು ಪೆಡಲಿನಿಂದ ಕಾಲು ತೆಗೆದು ನನ್ನ ಮುಖ ನೋಡಿದರು.

“ಹೊತ್ತಾಯಿತಲ್ಲ” ಎಂದೆ ನಾನು.

ಅಷ್ಟೇ ಮಾತು. ಗಾಡಿ ಮುಂದೆ ಹೋಯಿತು.

ಕಾರಣಗಳಿಗೆ ಬರವಿಲ್ಲ. ಅಷ್ಟು ದೊಡ್ಡ ಗಾಡಿಯನ್ನು ತಟ್ಟನೆ ನಿಲ್ಲಿಸಲಾಗದು. ನಮಗೆ ಎಂಜಿನ್ ರಿಪೇರಿ ಬಾರದು. ಬೇರೆ ಯಾರಾದರೂ ನಿಲ್ಲಿಸಿಯಾರು. ಅಪರಿಚಿತ ದೇಶ. ಅವನು ಕಪ್ಪಗಿದ್ದನೆಂಬುದು ಇವುಗಳ ಹಿಂದೆ ಎಲ್ಲಿಯೂ ಇರಲಿಲ್ಲವೆಂದು ಪ್ರಮಾಣ ಮಾಡಲು ನನಗೆ ಧೈರ್ಯವಿಲ್ಲ. ಗೇಟು ಮುಚ್ಚುವುದೇನೋ ನಿಜ. ಆದರೆ ತಡವಾಗುತ್ತದೆಂದು ಮೊದಲೇ ಫೋನು ಮಾಡಿದವರಿಗೆ ಗೇಟು ತೆರೆಯುವ ಸಂಖ್ಯೆ ಹೇಳುತ್ತಾರೆಂಬುದು ನಮಗೆ ಗೊತ್ತಿತ್ತು. ಒಂದು ಫೋನಿನ ಕೆಲಸ!

ಪ್ರಿನ್ಸ್‌ಟನ್ನಿನಲ್ಲಿ ಡಾರ್ಲಿ, ಬ್ಯಾಟ್‌ಸನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ೧೯೭೩ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯ ಕಥೆ ಪ್ರಸಿದ್ಧವಾಗಿದೆ. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಭಾಷಣಕ್ಕೆಂದು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬನನ್ನು ನರಳುತ್ತ ಕೂರಿಸಿದ್ದರು. ಹೊತ್ತಿದೆ ಎಂದುಕೊಂಡವರಲ್ಲಿ ನೂರಕ್ಕೆ ಅರವತ್ತಮೂರು ಮಂದಿ ನಿಂತು ವಿಚಾರಿಸಿದರು. ತಡವಾಯಿತು ಎಂದುಕೊಂಡವರಲ್ಲಿ ಹತ್ತು ಮಂದಿ. ಕೆಲವರು ಮಾತಾಡಲು ಹೊರಟಿದ್ದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಕಥೆಯೇ! ಇದನ್ನು ಮೊದಲು ಓದಿದಾಗ ನಾನು ನಕ್ಕಿದ್ದೆ. ಈಗ ಅದರಲ್ಲಿ ಸಮಾಧಾನವನ್ನೂ ಹುಡುಕಬಹುದು: ತಪ್ಪು ನನ್ನದಲ್ಲ, ಗಡಿಯಾರದ್ದು ಎಂದು. ಆದರೆ ಗಡಿಯಾರ ಎಲ್ಲರ ಕೈಯಲ್ಲೂ ಇದೆ. ಹಾಗಿದ್ದೂ ಆ ಹತ್ತು ಮಂದಿ ನಿಂತರಲ್ಲ?

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳುತ್ತಾರೆ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದುಂಟು, ಮನುಷ್ಯರ ಋಣ. ಮನೆಗೆ ಬಂದವರಿಗೆ ನೆಲೆ ಕೊಟ್ಟು, ಉಣಬಡಿಸಿ ಅದನ್ನು ತೀರಿಸಬೇಕು. ಯಾರಿಂದ ಪಡೆದೆವೋ ಅವರಿಗೇ ಹಿಂದಿರುಗಿಸಬೇಕೆಂಬ ಕಟ್ಟು ಇದಕ್ಕಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡ ರೈತನ ಸಾಲವನ್ನು ನಾನು ಆ ತರುಣನಿಗೆ ತೀರಿಸಬಹುದಾಗಿತ್ತು; ಇಪ್ಪತ್ತನಾಲ್ಕು ಗಂಟೆಯೊಳಗೆ, ಅದೇ ರಸ್ತೆಯಲ್ಲಿ. ಅತಿಥಿ ಎಂದರೆ ಹೊಸ್ತಿಲಿಗೆ ಬಂದವನು, ದಾರಿಯಲ್ಲಿ ನಿಂತವನಲ್ಲ ಎಂದು ವಾದಿಸಬಹುದೇನೋ. ಮನೆ ನೆಲದ ಮೇಲೆ ಕೂತಿದ್ದರೆ ಆ ವಾದಕ್ಕೆ ಬೆಲೆಯಿತ್ತು. ಮನೆಯನ್ನೇ ಓಡಿಸಿಕೊಂಡು ಬಂದವನ ಹೊಸ್ತಿಲು ಎಲ್ಲಿ ಮುಗಿಯುತ್ತದೆ?

ಆರು ಗಂಟೆ ಹತ್ತು ನಿಮಿಷಕ್ಕೆ ಗೇಟು ಸೇರಿದೆವು. ಅಚ್ಚುಕಟ್ಟಾದ ಜಾಗ, ನೆಲ ಮಟ್ಟಸ, ಕಂಬ ಭದ್ರ. ಕಕ್ಕಸು ನೋಡಿಬಂದು ನನ್ನ ಹೆಂಡತಿ ಇದೇ ಎಲ್ಲಕ್ಕಿಂತ ಮೇಲು ಎಂದಳು. ಕತ್ತಲಾಗುವಾಗ ಕೊಕ್ಕರೆಗಳು ಸಾಲುಸಾಲಾಗಿ ಕೂಗುತ್ತ ಇಳಿದವು. ಅಳಿಯಂದಿರು ತಂತಿ ಸಿಕ್ಕಿಸಿ, ಏನೂ ಮಾತಾಡದೆ ಒಳಗೆ ಹೋದರು. ಆ ವಿಷಯವನ್ನು ಅವರು ಇಂದಿನವರೆಗೂ ಎತ್ತಿಲ್ಲ.

ಮಾರ್ಚಿಯಲ್ಲಿ ಹಿಂದಿರುಗುವಾಗ ಟಿಫ್ಟನ್ನಿನ ಆ ಜಮೀನಿಗೆ ಹೋದೆವು. ನನ್ನ ಹೆಂಡತಿ ಗಾಡಿಯೊಳಗಿನ ಒಲೆಯಲ್ಲೇ ಮೈಸೂರು ಪಾಕು ಮಾಡಿದ್ದಳು. ಸ್ವಲ್ಪ ಗಟ್ಟಿಯಾಗಿತ್ತು, ಆದರೂ ಅವನು ಎರಡು ತುಂಡು ತಿಂದ. ಪಿಕಪ್ಪಿನ ಗಾಜಿನ ಮೇಲೆ ಬಾವುಟ ಹಾಗೆಯೇ ಇತ್ತು. ಆ ರಾತ್ರಿ ಕೇಳಬೇಕೆಂದುಕೊಂಡಿದ್ದ ಪ್ರಶ್ನೆ ನೆನಪಿಗೆ ಬಂತು, ನಾಲಗೆ ಏಳಲಿಲ್ಲ. ಅವನೇ ಕೇಳಿದ: ಅಂದು ಹೊತ್ತಿಗೆ ಸರಿಯಾಗಿ ಸೇರಿದಿರಾ, ಕ್ಯಾಂಪು ಹೇಗಿತ್ತು?

ಚೆನ್ನಾಗಿತ್ತು ಎಂದೆ.